ಐಸಾಕ್ ಲೀ

ಐಸಾಕ್ ಲೀ (ಮಾರ್ಚ್ 4, 1792 – ಡಿಸೆಂಬರ್ 8, 1886) ಅಮೆರಿಕ ಸಂಯುಕ್ತ ಸಂಸ್ಥಾನದ ಮೃದ್ವಂಗಿ ತಜ್ಞರು, ಭೂವಿಜ್ಞಾನಿ ಹಾಗೂ ಪುಸ್ತಕ ಪ್ರಕಾಶಕರು. ಉತ್ತರ ಅಮೆರಿಕದ ನದಿಗಳಲ್ಲಿ ದೊರೆಯುವ ಸಿಹಿನೀರಿನ ಕಪ್ಪೆಚಿಪ್ಪುಗಳ ಅಧ್ಯಯನಕ್ಕೆ ಇವರು ಸುಮಾರು ಅರ್ಧ ಶತಮಾನವನ್ನು ಮೀಸಲಿಟ್ಟರು. ಯೂನಿಯೋನಿಡೇ ಕುಟುಂಬಕ್ಕೆ ಸೇರಿದ ನೂರಾರು ಪ್ರಭೇದಗಳನ್ನು ಮೊದಲ ಬಾರಿಗೆ ವರ್ಣಿಸಿ ಹೆಸರಿಟ್ಟ ಕೀರ್ತಿ ಇವರದು. 1827ರಿಂದ 1874ರವರೆಗೆ ಹದಿಮೂರು ಸಂಪುಟಗಳಲ್ಲಿ ಹೊರಬಂದ ಯೂನಿಯೋ ಕುಲದ ಕುರಿತ ಅವಲೋಕನಗಳು ಇವರ ಮುಖ್ಯ ಕೃತಿ. ಇವರು ಕೂಡಿಸಿದ ಚಿಪ್ಪುಗಳ ಸಂಗ್ರಹವು ಈಗ ವಾಷಿಂಗ್ಟನ್ ನಗರದ ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿರುವ ಕೆಲವು ಪ್ರಭೇದಗಳು ಇಂದು ಯಾವ ನದಿಯಲ್ಲೂ ಜೀವಂತವಾಗಿ ಉಳಿದಿಲ್ಲ.

ಜನನ ಮತ್ತು ಆರಂಭಿಕ ಜೀವನ

ಲೀಯವರು ಡೆಲಾವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಕ್ವೇಕರ್ ಪಂಥಕ್ಕೆ ಸೇರಿದ ಕುಟುಂಬವೊಂದರಲ್ಲಿ ಜನಿಸಿದರು. ಹದಿನೈದನೆಯ ವಯಸ್ಸಿನಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಅಣ್ಣನ ವ್ಯಾಪಾರ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ವಿಶ್ವವಿದ್ಯಾಲಯದ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಇದೇ ನಗರದಲ್ಲಿ ಅವರಿಗೆ ಲಾರ್ಡ್ನರ್ ವಾನುಕ್ಸೆಮ್ ಎಂಬ ಯುವಕನ ಸ್ನೇಹವಾಯಿತು. ಮುಂದೆ ಹೆಸರಾಂತ ಭೂವಿಜ್ಞಾನಿಯಾದ ವಾನುಕ್ಸೆಮ್ ಮತ್ತು ಲೀ ಇಬ್ಬರೂ ಬಿಡುವಿನ ವೇಳೆಯಲ್ಲಿ ಊರ ಸುತ್ತಲಿನ ಕಲ್ಲುಗಣಿಗಳನ್ನೂ ಹಳ್ಳಗಳನ್ನೂ ತಿರುಗಿ ಖನಿಜಗಳನ್ನೂ ಪಳೆಯುಳಿಕೆಗಳನ್ನೂ ಕೂಡಿಹಾಕುತ್ತಿದ್ದರು.

1812ರಲ್ಲಿ ಬ್ರಿಟನ್ನಿನೊಂದಿಗೆ ಆರಂಭವಾದ ಯುದ್ಧದ ಕಾಲದಲ್ಲಿ ಈ ಇಬ್ಬರು ಗೆಳೆಯರು ಸ್ವಯಂಸೇವಕರ ಬಂದೂಕು ದಳವೊಂದನ್ನು ಸೇರಿದರು. ಆ ದಳವನ್ನು ರಣರಂಗಕ್ಕೆ ಕಳುಹಿಸಲಿಲ್ಲ. ಆದರೂ ಆಯುಧ ಹಿಡಿಯುವುದನ್ನು ನಿಷೇಧಿಸುವ ಕ್ವೇಕರ್ ಸಮಾಜದಲ್ಲಿ ಲೀಯವರಿಗೆ ಹುಟ್ಟಿನಿಂದ ಬಂದಿದ್ದ ಸದಸ್ಯತ್ವವು ಇದರಿಂದ ರದ್ದಾಯಿತು. 1815ರಲ್ಲಿ ಇಬ್ಬರೂ ಫಿಲಡೆಲ್ಫಿಯಾದ ಪ್ರಾಕೃತಿಕ ವಿಜ್ಞಾನಗಳ ಅಕಾಡೆಮಿಯ ಸದಸ್ಯರಾದರು. ಲೀಯವರ ಮೊದಲ ಲೇಖನ ಫಿಲಡೆಲ್ಫಿಯಾದ ಸುತ್ತಮುತ್ತ ದೊರೆಯುವ ಖನಿಜಗಳನ್ನು ಕುರಿತದ್ದು. ಅದು ಇದೇ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಪ್ರಕಾಶನ ವೃತ್ತಿ

1821ರಲ್ಲಿ ಲೀಯವರು ಫ್ರಾನ್ಸಿಸ್ ಆನ್ ಕ್ಯಾರಿಯವರನ್ನು ವಿವಾಹವಾದರು. ಆಕೆಯ ತಂದೆ ಮ್ಯಾಥ್ಯೂ ಕ್ಯಾರಿ ಐರ್ಲೆಂಡಿನಿಂದ ವಲಸೆ ಬಂದು ಫಿಲಡೆಲ್ಫಿಯಾದಲ್ಲಿ ನೆಲೆಸಿದ್ದ ದೊಡ್ಡ ಪ್ರಕಾಶಕರು. ಮದುವೆಯ ನಂತರ ಲೀ ಮಾವನ ಸಂಸ್ಥೆಯ ಪಾಲುದಾರರಾದರು. ಮ್ಯಾಥ್ಯೂ ಕ್ಯಾರಿ ನಿವೃತ್ತರಾದ ಮೇಲೆ ಸಂಸ್ಥೆಯ ಆಡಳಿತವು ಲೀ ಹಾಗೂ ಅವರ ಭಾವಮೈದುನ, ಅರ್ಥಶಾಸ್ತ್ರಜ್ಞ ಹೆನ್ರಿ ಚಾರ್ಲ್ಸ್ ಕ್ಯಾರಿ ಇವರ ಕೈಗೆ ಬಂತು. ಅಂದಿನ ಅಮೆರಿಕದ ಅತಿ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಒಂದಾಗಿದ್ದ ಇದು ವಾಲ್ಟರ್ ಸ್ಕಾಟ್, ವಾಷಿಂಗ್ಟನ್ ಇರ್ವಿಂಗ್, ಜೇಮ್ಸ್ ಫೆನಿಮೋರ್ ಕೂಪರ್ ಮೊದಲಾದವರ ಕೃತಿಗಳನ್ನು ಹೊರತಂದಿತು. ಫ್ರಾನ್ಸಿಸ್ ಲೀಬರ್ ಸಂಪಾದಿಸಿದ ಎನ್‌ಸೈಕ್ಲೋಪೀಡಿಯಾ ಅಮೆರಿಕಾನಾ ವಿಶ್ವಕೋಶದ ಮೊದಲ ಆವೃತ್ತಿಯೂ (1829–1833) ಇಲ್ಲಿಂದಲೇ ಪ್ರಕಟವಾಯಿತು. ಎಡ್ಗರ್ ಅಲನ್ ಪೋ ಅವರ ಮೊದಲ ಕಥಾಸಂಕಲನದ ಪ್ರಕಾಶಕರೂ ಇವರೇ.

1851ರಲ್ಲಿ ಲೀ ವೃತ್ತಿಯಿಂದ ನಿವೃತ್ತರಾದರು. ಅಲ್ಲಿಯವರೆಗಿನ ಮೂವತ್ತು ವರ್ಷಗಳ ಕಾಲ ಅವರ ವಿಜ್ಞಾನವೆಲ್ಲ ವ್ಯಾಪಾರದ ನಡುವಿನ ಬಿಡುವಿನಲ್ಲಿ ನಡೆದದ್ದು. ಆದರೆ ಪ್ರಕಾಶನದ ಅನುಭವ ಮತ್ತು ಆದಾಯ ಎರಡೂ ಆ ವಿಜ್ಞಾನಕ್ಕೆ ಆಧಾರವಾದವು. ಚಿಪ್ಪುಗಳನ್ನು ವರ್ಣಿಸುವ ಗ್ರಂಥಕ್ಕೆ ನಿಖರವಾದ ಚಿತ್ರಗಳು ಅತ್ಯಗತ್ಯ. ಅವು ಬಹಳ ದುಬಾರಿಯಾದವು. ಲೀಯವರ ಗ್ರಂಥಗಳಲ್ಲಿನ ಚಿತ್ರಫಲಕಗಳ ಗುಣಮಟ್ಟವನ್ನು ಅವರ ಸಮಕಾಲೀನರಲ್ಲಿ ಹೆಚ್ಚಿನವರಿಗೆ ಸಾಧಿಸಲಾಗಲಿಲ್ಲ.

ಓಹಿಯೋ ನದಿಯ ಚಿಪ್ಪುಗಳು

ಲೀಯವರ ಆಸಕ್ತಿ ಖನಿಜಗಳಿಂದ ಕಪ್ಪೆಚಿಪ್ಪುಗಳ ಕಡೆಗೆ ತಿರುಗಿದ್ದು ಸುಮಾರು 1825ರಲ್ಲಿ. ಪಶ್ಚಿಮದ ಅನ್ವೇಷಣಾ ಯಾತ್ರೆಗಳಿಗೆ ಹೆಸರಾದ ಸೇನೆಯ ಇಂಜಿನಿಯರ್ ಮೇಜರ್ ಸ್ಟೀಫನ್ ಲಾಂಗ್ ಅವರು ಓಹಿಯೋ ನದಿಯಿಂದ ಕೆಲವು ಚಿಪ್ಪುಗಳನ್ನು ಕಳುಹಿಸಿಕೊಟ್ಟರು. ಅದೇ ನದಿಯ ದಡದ ಸಿನ್ಸಿನಾಟಿಯಲ್ಲಿ ನೆಲೆಸಿದ್ದ ಲೀಯವರ ಸಹೋದರ ಥಾಮಸ್ ಗಿಬ್ಸನ್ ಲೀ ಕೂಡ ಚಿಪ್ಪುಗಳನ್ನು ಆರಿಸಿ ಕಳುಹಿಸತೊಡಗಿದರು. ಪೂರ್ವ ಕರಾವಳಿಯ ನದಿಗಳ ಕಪ್ಪೆಚಿಪ್ಪುಗಳು ಸಾಮಾನ್ಯವಾಗಿ ತೆಳುವಾಗಿ, ನಯವಾಗಿ, ಒಂದನ್ನೊಂದು ಹೋಲುವಂತಿರುತ್ತವೆ. ಓಹಿಯೋದಿಂದ ಬಂದವು ಹಾಗಿರಲಿಲ್ಲ. ಅಂಗೈಯಷ್ಟು ದಪ್ಪನೆಯ ಭಾರದ ಚಿಪ್ಪುಗಳು, ಗಂಟುಗಂಟಾದವು, ಅಲೆಯಂತೆ ಮಡಿಕೆ ಬಿದ್ದವು, ಒಳಮೈ ಬಿಳಿ, ಗುಲಾಬಿ, ಕಡುನೇರಳೆ ಬಣ್ಣದವು ಇದ್ದವು. ಇವುಗಳ ಆಧಾರದ ಮೇಲೆ ಯೂನಿಯೋ ಕುಲದ ಆರು ಹೊಸ ಪ್ರಭೇದಗಳನ್ನು ವರ್ಣಿಸಿದ ಲೀಯವರ ಲೇಖನ 1827ರಲ್ಲಿ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಆ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು.

ಸಿಹಿನೀರಿನ ಕಪ್ಪೆಚಿಪ್ಪುಗಳ ವೈವಿಧ್ಯದಲ್ಲಿ ಉತ್ತರ ಅಮೆರಿಕ ಜಗತ್ತಿನಲ್ಲೇ ಮುಂದಿದೆ. ಸುಮಾರು 300 ಪ್ರಭೇದಗಳು ಅಲ್ಲಿವೆ. ಓಹಿಯೋ, ಟೆನೆಸ್ಸೀ, ಕಂಬರ್‌ಲ್ಯಾಂಡ್, ಅಲಬಾಮಾ ನದಿಗಳ ಜಾಲವೇ ಈ ವೈವಿಧ್ಯದ ಕೇಂದ್ರ. ಲೀಯವರು ಆರಂಭಿಸಿದಾಗ ಈ ನದಿಗಳಿಗೆ ಅಣೆಕಟ್ಟುಗಳಿರಲಿಲ್ಲ.

ಸಂಗ್ರಹದ ವಿಧಾನ

ಲೀ ಸ್ವತಃ ದೂರದ ನದಿಗಳಿಗೆ ಇಳಿದು ಆರಿಸಿದವರಲ್ಲ. ಅವರ ಕೆಲಸ ನಡೆದದ್ದು ಪತ್ರವ್ಯವಹಾರದ ಮೂಲಕ. ವೈದ್ಯರು, ಪಾದ್ರಿಗಳು, ಶಿಕ್ಷಕರು, ಸೇನಾಧಿಕಾರಿಗಳು, ತೋಟದ ಮಾಲೀಕರು ತಮ್ಮ ತಮ್ಮ ಊರಿನ ನದಿಗಳಿಂದ ಚಿಪ್ಪುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಫಿಲಡೆಲ್ಫಿಯಾಕ್ಕೆ ಕಳುಹಿಸುತ್ತಿದ್ದರು. ನ್ಯಾಷ್‌ವಿಲ್‌ನ ಭೂವಿಜ್ಞಾನಿ ಜೆರಾರ್ಡ್ ಟ್ರೂಸ್ಟ್, ಓಹಿಯೋದ ಮ್ಯಾರಿಯೆಟಾ ಊರಿನ ವೈದ್ಯ ಸ್ಯಾಮ್ಯುಯೆಲ್ ಹಿಲ್ಡ್ರೆತ್, ಜಾರ್ಜಿಯಾದ ಬಿಷಪ್ ಸ್ಟೀಫನ್ ಎಲಿಯಟ್ ಹೀಗೆ ಕಳುಹಿಸಿದವರಲ್ಲಿ ಕೆಲವರು.

ಇಂಥ ಸಂಗ್ರಹಕ್ಕೆ ಸೂಕ್ತ ಕಾಲ ಬೇಸಿಗೆಯ ಕೊನೆ. ಆಗ ನೀರು ಇಳಿದು ಕಲ್ಲುಮರಳಿನ ದಿಬ್ಬಗಳು ಮೇಲೆ ಬರುತ್ತವೆ. ಕಪ್ಪೆಚಿಪ್ಪು ತನ್ನ ದೇಹದ ಬಹುಭಾಗವನ್ನು ನದಿತಳದ ಮರಳಿನಲ್ಲಿ ಹೂತುಕೊಂಡು ಅಂಚನ್ನು ಮಾತ್ರ ಹೊರಗಿಟ್ಟಿರುತ್ತದೆ; ಆದ್ದರಿಂದ ನೀರಿನಲ್ಲಿ ನಡೆಯುತ್ತ ಕಾಲಿನಿಂದಲೋ ಕೈಯಿಂದಲೋ ತಡವಿ ಅದನ್ನು ಹುಡುಕಬೇಕು. ಮಸ್ಕ್‌ರ್ಯಾಟ್ ಎಂಬ ಜಲದಂಶಕವು ತಿಂದು ದಡದಲ್ಲಿ ಬಿಟ್ಟ ಚಿಪ್ಪಿನ ರಾಶಿಗಳೂ ಸಂಗ್ರಾಹಕರಿಗೆ ಉಪಯುಕ್ತವಾಗಿದ್ದವು. ಒಳಗಿನ ಮಾಂಸವನ್ನು ತೆಗೆದು, ಎರಡು ಚಿಪ್ಪುಗಳನ್ನೂ ಜೋಡಿಸಿ ಕಟ್ಟಿ ಒಣಗಿಸಿದರೆ ಮಾದರಿ ಸಿದ್ಧ. ಒಣಚಿಪ್ಪು ಕೊಳೆಯುವುದಿಲ್ಲ, ವಿಶೇಷ ಆರೈಕೆಯನ್ನೂ ಬೇಡುವುದಿಲ್ಲ. ಎರಡು ಶತಮಾನಗಳ ಹಿಂದಿನ ಮಾದರಿಗಳು ಇಂದಿಗೂ ಅಧ್ಯಯನಕ್ಕೆ ದೊರೆಯುವುದಕ್ಕೆ ಇದೇ ಕಾರಣ.

ಜಾರ್ಜಿಯಾದ ಆಲ್ಟಮಹಾ ನದಿಯ ಚಿಪ್ಪುಗಳ ಸಂಗತಿ ಇಲ್ಲಿ ಉಲ್ಲೇಖಾರ್ಹ. ಆ ನದಿಯ ಮುಖಜಭೂಮಿಯಲ್ಲಿದ್ದ ಹೋಪ್‌ಟನ್ ಎಂಬ ದೊಡ್ಡ ತೋಟವನ್ನು ಜೇಮ್ಸ್ ಹ್ಯಾಮಿಲ್ಟನ್ ಕೂಪರ್ ನಡೆಸುತ್ತಿದ್ದರು. ಪಳೆಯುಳಿಕೆ ಮತ್ತು ಚಿಪ್ಪುಗಳಲ್ಲಿ ಆಸಕ್ತಿಯಿದ್ದ ವಿದ್ಯಾವಂತರು ಇವರು. ತೋಟದ ದುಡಿಮೆಯೆಲ್ಲ ನೂರಾರು ಮಂದಿ ಕಪ್ಪು ಗುಲಾಮರದು. ಚಿಪ್ಪಿನ ಮೇಲೆ ಒಂದರಿಂದ ಐದರವರೆಗೆ ಉದ್ದನೆಯ ಮುಳ್ಳುಗಳಿರುವ ಎಲಿಪ್ಟಿಯೋ ಸ್ಪೈನೋಸಾ ಎಂಬ ವಿಚಿತ್ರ ಪ್ರಭೇದವನ್ನು ಲೀ ವರ್ಣಿಸಿದ್ದು 1836ರಲ್ಲಿ. ಅದು ಆಲ್ಟಮಹಾ ಜಲಾನಯನವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1838ರಲ್ಲಿ ವರ್ಣಿಸಿದ ಇನ್ನೊಂದಕ್ಕೆ ತೋಟದ ಹೆಸರಿನಿಂದಲೇ ಹೋಪ್‌ಟನೆನ್ಸಿಸ್ ಎಂದು ಹೆಸರಿಟ್ಟರು. ಪ್ರಭೇದದ ಹೆಸರಿನಲ್ಲಿ ತೋಟವೂ, ಚೀಟಿಯಲ್ಲಿ ಕಳುಹಿಸಿದ ಮಾಲೀಕನೂ ಉಳಿಯುವುದು ಅಂದಿನ ಪದ್ಧತಿ. ನೀರಿಗಿಳಿದ ಕೈಗಳಿಗೆ ಅದರಲ್ಲಿ ಸ್ಥಳವಿರಲಿಲ್ಲ.

ಲೀಯವರ ಖ್ಯಾತಿ ಹರಡಿದಂತೆ ಅಮೆರಿಕದ ಆಚೆಯಿಂದಲೂ ಪೆಟ್ಟಿಗೆಗಳು ಬರತೊಡಗಿದವು. ಸಿಯಾಮ್‌ನಲ್ಲಿದ್ದ (ಇಂದಿನ ಥಾಯ್ಲೆಂಡ್) ಅಮೆರಿಕನ್ ಮಿಷನರಿಗಳು ಅಲ್ಲಿನ ಚಿಪ್ಪುಗಳನ್ನು ಕಳುಹಿಸಿದರು. ಭಾರತದ ಚಿಪ್ಪುಗಳನ್ನೂ ಲೀ ವರ್ಣಿಸಿದ್ದಾರೆ. ಕರ್ನಾಟಕವೂ ಸೇರಿದಂತೆ ಭಾರತದ ಅನೇಕ ಭಾಗಗಳ ಕೆರೆ, ಕಾಲುವೆ, ಹೊಳೆಗಳಲ್ಲಿ ದೊರೆಯುವ ಲ್ಯಾಮೆಲಿಡೆನ್ಸ್ ಕೊರಿಯಾನಸ್ ಎಂಬ ಕಪ್ಪೆಚಿಪ್ಪಿಗೆ 1834ರಲ್ಲಿ ಹೆಸರಿಟ್ಟವರು ಇವರೇ.

ವೈಜ್ಞಾನಿಕ ಕಾರ್ಯ

ಯೂನಿಯೋ ಕುಲದ ಕುರಿತ ಲೇಖನಗಳನ್ನು ಲೀ ಮೊದಲು ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟಿಸಿ, ಬಳಿಕ ಅವುಗಳನ್ನೇ ಸಂಪುಟಗಳಾಗಿ ಕೂಡಿಸಿ ಹೊರತರುತ್ತಿದ್ದರು. ಹದಿಮೂರು ಸಂಪುಟಗಳ ಮಾಲೆ ಹುಟ್ಟಿದ್ದು ಹೀಗೆ. ಇದರ ಜೊತೆಗೆ ಅಂದು ನಾಯಡೀಸ್ ಎಂದು ಕರೆಯಲಾಗುತ್ತಿದ್ದ ಈ ಗುಂಪಿನ ಎಲ್ಲ ಪ್ರಭೇದಗಳ ಸಂಕ್ಷಿಪ್ತ ಸೂಚಿಯೊಂದನ್ನು 1836ರಲ್ಲಿ ಹೊರತಂದು, 1838, 1852 ಮತ್ತು 1870ರಲ್ಲಿ ಪರಿಷ್ಕರಿಸಿದರು.

ಅವರ ಕಾಲದ ಚಿಪ್ಪು ಸಂಗ್ರಾಹಕರಲ್ಲಿ ಹಲವರಿಗೆ ಒಳಗಿನ ಜೀವಿ ಬೇಕಿರಲಿಲ್ಲ. ಲೀ ಹಾಗಲ್ಲ, ಜೀವಿಯ ಮೃದು ಅಂಗಗಳನ್ನೂ ಸಾಧ್ಯವಾದ ಕಡೆ ಪರಿಶೀಲಿಸಿದರು. 1858ರಲ್ಲಿ ಮೂವತ್ತೆಂಟು ಪ್ರಭೇದಗಳ ಭ್ರೂಣರೂಪಗಳನ್ನು ವರ್ಣಿಸಿದ್ದು ಇದರಲ್ಲಿ ಮುಖ್ಯವಾದುದು. ಕಪ್ಪೆಚಿಪ್ಪಿನ ಮರಿಯ ಈ ಮೊದಲ ರೂಪಕ್ಕೆ ಗ್ಲೋಕಿಡಿಯಂ ಎಂದು ಹೆಸರು. ತಾಯಿಯ ಕಿವಿರುಗಳಲ್ಲಿ ಬೆಳೆದು ನೀರಿಗೆ ಬರುವ ಗ್ಲೋಕಿಡಿಯಂ ಯಾವುದಾದರೂ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ವಾರ ಪರಾವಲಂಬಿಯಾಗಿ ಕಳೆಯುತ್ತದೆ. ಆ ಬಳಿಕವೇ ಕಳಚಿ ಬಿದ್ದು ನದಿತಳದಲ್ಲಿ ಸ್ವತಂತ್ರ ಜೀವನ ಆರಂಭಿಸುತ್ತದೆ. ಎಷ್ಟೋ ಪ್ರಭೇದಗಳಿಗೆ ಒಂದೆರಡು ಬಗೆಯ ಮೀನುಗಳೇ ಆಗಬೇಕು. ಮೀನಿನ ದಾರಿ ಮುಚ್ಚಿದರೆ ಕಪ್ಪೆಚಿಪ್ಪಿನ ಸಂತತಿಯೂ ನಿಲ್ಲುತ್ತದೆ. ಈ ಸಂಬಂಧ ಪೂರ್ಣವಾಗಿ ಅರ್ಥವಾದದ್ದು ಲೀಯವರ ನಂತರದ ಕಾಲದಲ್ಲಿ.

ಭೂವಿಜ್ಞಾನದಲ್ಲೂ ಅವರ ಕೊಡುಗೆಗಳಿವೆ. ಅಲಬಾಮಾದ ಕ್ಲೇಬೋರ್ನ್ ಎಂಬಲ್ಲಿಂದ ಬಂದ ತೃತೀಯ ಯುಗದ ಪಳೆಯುಳಿಕೆ ಚಿಪ್ಪುಗಳನ್ನು 1833ರ ಗ್ರಂಥವೊಂದರಲ್ಲಿ ವರ್ಣಿಸಿದರು. 1849ರಲ್ಲಿ ಪೆನ್ಸಿಲ್ವೇನಿಯಾದ ಪಾಟ್ಸ್‌ವಿಲ್ ಬಳಿಯ ಕೆಂಪು ಮರಳುಗಲ್ಲಿನಲ್ಲಿ ನಾಲ್ಕು ಕಾಲಿನ ಪ್ರಾಣಿಯೊಂದರ ಹೆಜ್ಜೆಗುರುತುಗಳನ್ನು ಕಂಡು ಅದಕ್ಕೆ ಸಾರೋಪಸ್ ಪ್ರೈಮೇವಸ್ ಎಂದು ಹೆಸರಿಟ್ಟರು. ಆ ಶಿಲೆ ಡೆವೋನಿಯನ್ ಯುಗದ್ದೆಂದು ಲೀ ಭಾವಿಸಿದ್ದರು. ಅದು ಕಾರ್ಬೋನಿಫೆರಸ್ ಯುಗದ್ದೆಂದು ಬೇರೆ ಭೂವಿಜ್ಞಾನಿಗಳು ತೋರಿಸಿಕೊಟ್ಟರು. ಕ್ಲೆಪ್ಸಿಸಾರಸ್ ಎಂಬ ಟ್ರಯಾಸಿಕ್ ಸರೀಸೃಪದ ಪಳೆಯುಳಿಕೆಯನ್ನು 1851ರಲ್ಲಿ ವರ್ಣಿಸಿದವರೂ ಇವರೇ. ಇಳಿವಯಸ್ಸಿನಲ್ಲಿ ರತ್ನಗಳೊಳಗಿನ ಸೂಕ್ಷ್ಮ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಅಧ್ಯಯನ ಮಾಡಿದರು.

ಹೆಸರಿನ ವಿವಾದಗಳು

ಒಂದು ಜೀವಿಗೆ ನಿಯಮಬದ್ಧವಾಗಿ ಮೊದಲು ಇಟ್ಟ ಹೆಸರೇ ಊರ್ಜಿತವೆಂಬುದು ಪ್ರಾಣಿನಾಮಕರಣದ ನಿಯಮ. ಈ ನಿಯಮದಿಂದಾಗಿ ಲೀಯವರ ವೈಜ್ಞಾನಿಕ ಜೀವನದ ಉದ್ದಕ್ಕೂ ಕಲಹಗಳು ಹುಟ್ಟಿದವು. ಇವುಗಳಲ್ಲಿ ಒಂದು ಕಾನ್‌ಸ್ಟಂಟೈನ್ ರಾಫಿನೆಸ್ಕ್ ಅವರಿಗೆ ಸಂಬಂಧಿಸಿದ್ದು. ಪ್ರತಿಭಾವಂತನೂ ಅವಸರದವನೂ ಆಗಿದ್ದ ಈ ಪ್ರಕೃತಿ ವಿಜ್ಞಾನಿ 1818ರಲ್ಲಿ ಓಹಿಯೋ ನದಿಯ ಉದ್ದಕ್ಕೂ ಪ್ರಯಾಣಿಸಿ, ಅಲ್ಲಿನ ಕಪ್ಪೆಚಿಪ್ಪುಗಳ ಬಗ್ಗೆ 1820ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಬಂಧವೊಂದನ್ನು ಬ್ರಸೆಲ್ಸ್‌ನಲ್ಲಿ ಪ್ರಕಟಿಸಿದ್ದರು. ಎಂದರೆ ಲೀಯವರಿಗಿಂತ ಏಳು ವರ್ಷ ಮೊದಲು. ಆದರೆ ರಾಫಿನೆಸ್ಕ್ ನೀಡಿದ ವರ್ಣನೆಗಳು ತೀರ ಚಿಕ್ಕವು, ಚಿತ್ರಗಳು ಒರಟಾದವು. ಯಾವ ಹೆಸರು ಯಾವ ಚಿಪ್ಪಿನದೆಂದು ನಿರ್ಧರಿಸಲಾಗದೆಂಬುದು ಲೀಯವರ ನಿಲುವು. ಅವರು ಆ ಹೆಸರುಗಳನ್ನು ಬಹುತೇಕ ಬದಿಗೊತ್ತಿದರು. ಫಿಲಡೆಲ್ಫಿಯಾದ ಇನ್ನೊಬ್ಬ ತಜ್ಞ ಟಿಮೊಥಿ ಕಾನ್ರಾಡ್ ಅವುಗಳಲ್ಲಿ ಹಲವನ್ನು ಒಪ್ಪಿಕೊಂಡರು. ಕ್ಲೇಬೋರ್ನ್ ಪಳೆಯುಳಿಕೆಗಳ ವಿಷಯದಲ್ಲೂ ಕಾನ್ರಾಡ್ ಮತ್ತು ಲೀ ಒಂದೇ ಕಾಲಕ್ಕೆ ಒಂದೇ ಚಿಪ್ಪುಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದರಿಂದ ಇಬ್ಬರ ನಡುವಿನ ವೈಮನಸ್ಯ ದಶಕಗಳ ಕಾಲ ಮುಂದುವರಿಯಿತು. ಕಾನ್ರಾಡ್ ಅವರ ಪಟ್ಟಿಯ ದೋಷಗಳನ್ನು ತಿದ್ದುವುದಕ್ಕೆಂದೇ ಲೀ ಪ್ರತ್ಯೇಕ ಪುಸ್ತಿಕೆಯನ್ನು ಬರೆದರು.

ರಾಫಿನೆಸ್ಕ್ ಪ್ರಶ್ನೆ ಬಗೆಹರಿಯತೊಡಗಿದ್ದು ಮೂವರೂ ತೀರಿಕೊಂಡ ಮೇಲೆ. ರಾಫಿನೆಸ್ಕ್ ಗುರುತಿಸಿಕೊಟ್ಟಿದ್ದ ಚಿಪ್ಪುಗಳು ಫಿಲಡೆಲ್ಫಿಯಾದ ಪೌಲ್ಸನ್ ಎಂಬವರ ಸಂಗ್ರಹದ ಮೂಲಕ ಅಕಾಡೆಮಿಯಲ್ಲಿ ಉಳಿದುಕೊಂಡಿದ್ದವು. 1915ರಲ್ಲಿ ಅವುಗಳ ಪರಿಶೀಲನೆ ಪ್ರಕಟವಾದಾಗ ಹಲವು ಹೆಸರುಗಳು ಯಾವುದಕ್ಕೆ ಸಲ್ಲುತ್ತವೆಂಬುದು ಸ್ಪಷ್ಟವಾಯಿತು. ಲೀ ಇಟ್ಟ ಹೆಸರುಗಳಲ್ಲಿ ಕೆಲವು ಹೀಗೆ ಬಿದ್ದುಹೋದವು. ಇನ್ನುಳಿದ ಅನೇಕ ಪ್ರಭೇದಗಳನ್ನು ಈಗ ರಾಫಿನೆಸ್ಕ್ ಸ್ಥಾಪಿಸಿದ ಕುಲಗಳಲ್ಲೇ ಇರಿಸಲಾಗಿದೆ: ಮೇಲೆ ಹೇಳಿದ ಎಲಿಪ್ಟಿಯೋ ಅವುಗಳಲ್ಲೊಂದು. ಲೀ ಯೂನಿಯೋ ಎಂದು ಹೆಸರಿಸಿದ್ದ ಪ್ರಭೇದಗಳು ಬೇರೆ ಕುಲಗಳಿಗೆ ಹೋಗಿರುವ ಕಾರಣ ವೈಜ್ಞಾನಿಕ ಪಟ್ಟಿಗಳಲ್ಲಿ ಅವರ ಹೆಸರು ಸಾಮಾನ್ಯವಾಗಿ ಆವರಣದೊಳಗೆ ಕಾಣಿಸಿಕೊಳ್ಳುತ್ತದೆ.

ಲೀಯವರ ಮೇಲಿನ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಅವರು ಅಗತ್ಯಕ್ಕಿಂತ ಬಹಳ ಹೆಚ್ಚು ಪ್ರಭೇದಗಳನ್ನು ಸೃಷ್ಟಿಸಿದರು. ಕಪ್ಪೆಚಿಪ್ಪಿನ ಆಕಾರವು ವಯಸ್ಸು, ಲಿಂಗ, ನೀರಿನ ಸೆಳೆತ, ತಳದ ಸ್ವರೂಪ ಇವುಗಳಿಗೆ ಅನುಗುಣವಾಗಿ ಬದಲಾಗುತ್ತದೆ. ಒಂದೇ ಪ್ರಭೇದದ ಚಿಪ್ಪು ನದಿಯ ಮೇಲ್ಭಾಗದಲ್ಲಿ ಚಪ್ಪಟೆಯಾಗಿ, ಕೆಳಭಾಗದಲ್ಲಿ ಉಬ್ಬಿಕೊಂಡು ಇರಬಹುದು. ವಿಕಾಸವಾದ ಇನ್ನೂ ಬಂದಿರದ ಕಾಲದಲ್ಲಿ ಕೆಲಸ ಆರಂಭಿಸಿದ ಲೀಯವರಿಗೆ ಪ್ರತಿಯೊಂದು ವ್ಯತ್ಯಾಸವೂ ಹೊಸ ಪ್ರಭೇದದ ಗುರುತಾಗಿ ಕಂಡಿತು. ಅವರಿಟ್ಟ ಹೆಸರುಗಳಲ್ಲಿ ದೊಡ್ಡ ಪಾಲು ಇಂದು ಸಮಾನಾರ್ಥಕಗಳ ಪಟ್ಟಿಗೆ ಸೇರಿದೆ. ಆದರೆ ತಾವು ಹೆಸರಿಸಿದ ಮಾದರಿಗಳನ್ನು ಜೋಪಾನವಾಗಿ ಉಳಿಸಿದ್ದರಿಂದ ಅವರ ತಪ್ಪುಗಳನ್ನೂ ಪರೀಕ್ಷಿಸಿ ತಿದ್ದಲು ಸಾಧ್ಯವಾಗಿದೆ. ವಿವರವಾದ ಚಿತ್ರ, ಸುರಕ್ಷಿತ ಮಾದರಿ ಎರಡನ್ನೂ ಒದಗಿಸಿದ ವಿಷಯದಲ್ಲಿ ಅವರು ತಮ್ಮ ಪ್ರತಿಸ್ಪರ್ಧಿಗಳಿಗಿಂತ ಬಹಳ ಮುಂದಿದ್ದರು.

ಗೌರವಗಳು ಮತ್ತು ಕುಟುಂಬ

ಲೀ 1858ರಿಂದ 1863ರವರೆಗೆ ಪ್ರಾಕೃತಿಕ ವಿಜ್ಞಾನಗಳ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1860ರಲ್ಲಿ ವಿಜ್ಞಾನದ ಪ್ರಗತಿಗಾಗಿ ಇರುವ ಅಮೆರಿಕನ್ ಸಂಘದ ಅಧ್ಯಕ್ಷ ಸ್ಥಾನ ಅವರಿಗೆ ದೊರೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯ 1852ರಲ್ಲಿ ಗೌರವ ಪದವಿ ನೀಡಿತು. 1832ರಲ್ಲಿ ಯೂರೋಪ್ ಪ್ರವಾಸ ಕೈಗೊಂಡು ಅಲ್ಲಿನ ಪ್ರಮುಖ ಪ್ರಕೃತಿ ವಿಜ್ಞಾನಿಗಳನ್ನು ಭೇಟಿಯಾಗಿದ್ದರು.

ಅವರ ಮಗ ಮ್ಯಾಥ್ಯೂ ಕ್ಯಾರಿ ಲೀ ಛಾಯಾಗ್ರಹಣದ ರಸಾಯನಶಾಸ್ತ್ರದಲ್ಲಿ ಹೆಸರು ಗಳಿಸಿದರು. ಇನ್ನೊಬ್ಬ ಮಗ ಹೆನ್ರಿ ಚಾರ್ಲ್ಸ್ ಲೀ ಮಧ್ಯಯುಗದ ಇನ್‌ಕ್ವಿಸಿಷನ್ ನ್ಯಾಯಮಂಡಳಿಗಳ ಇತಿಹಾಸಕಾರರಾಗಿ ಜಗತ್ಪ್ರಸಿದ್ಧರು. ಹೆನ್ರಿಯೂ ಹದಿಹರೆಯದಲ್ಲಿ ತಂದೆಯ ಹಾದಿಯಲ್ಲಿ ಚಿಪ್ಪುಗಳನ್ನು ವರ್ಣಿಸಿ ಲೇಖನಗಳನ್ನು ಬರೆದಿದ್ದರು. ಗೊಂದಲ ತಪ್ಪಿಸಲು ತಜ್ಞರು ತಂದೆಯ ಹೆಸರನ್ನು ಐ. ಲೀ ಎಂದೂ ಮಗನದನ್ನು ಎಚ್. ಸಿ. ಲೀ ಎಂದೂ ಬರೆಯುತ್ತಾರೆ. ಗೆಳೆಯ ವಾನುಕ್ಸೆಮ್ ಅವರ ಹೆಸರು 1838ರಲ್ಲಿ ಲೀ ವರ್ಣಿಸಿದ ವಾನುಕ್ಸೆಮೆನ್ಸಿಸ್ ಎಂಬ ಪುಟ್ಟ ಕಪ್ಪೆಚಿಪ್ಪಿನಲ್ಲಿ ಉಳಿದಿದೆ. ಲೀ ತಮ್ಮ 94ನೆಯ ವಯಸ್ಸಿನಲ್ಲಿ ಫಿಲಡೆಲ್ಫಿಯಾದಲ್ಲಿ ನಿಧನರಾದರು.

ಸಂಗ್ರಹದ ಮುಂದಿನ ಕಥೆ

ಲೀಯವರ ಇಚ್ಛೆಯಂತೆ ಅವರ ಸಿಹಿನೀರಿನ ಕಪ್ಪೆಚಿಪ್ಪುಗಳ ಸಂಗ್ರಹ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿತು. ಅಲ್ಲಿ ಅದನ್ನು ವಿಂಗಡಿಸಿ ಜೋಡಿಸಿದವರು ಚಾರ್ಲ್ಸ್ ಟಾರಿ ಸಿಂಪ್ಸನ್. ಈ ಸಂಗ್ರಹವನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಸಿಂಪ್ಸನ್ 1900ರಲ್ಲಿ ಪ್ರಕಟಿಸಿದ ಜಾಗತಿಕ ಸೂಚಿಯು ಲೀಯವರ ಸೂಚಿಯ ಸ್ಥಾನವನ್ನು ತುಂಬಿತು.

ಅಷ್ಟು ಹೊತ್ತಿಗೆ ನದಿಗಳ ಸ್ಥಿತಿ ಬದಲಾಗತೊಡಗಿತ್ತು. 1890ರ ದಶಕದಿಂದ ಮಿಸಿಸಿಪ್ಪಿ ಕಣಿವೆಯಲ್ಲಿ ಕಪ್ಪೆಚಿಪ್ಪಿನಿಂದ ಅಂಗಿಗುಂಡಿ ತಯಾರಿಸುವ ಉದ್ಯಮ ಬೆಳೆದು ಚಿಪ್ಪುಗಳನ್ನು ರಾಶಿರಾಶಿಯಾಗಿ ಎತ್ತಲಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಅಣೆಕಟ್ಟುಗಳದು. ಅಲಬಾಮಾದ ಮಸಲ್ ಶೋಲ್ಸ್ ಎಂಬಲ್ಲಿ ಟೆನೆಸ್ಸೀ ನದಿ ಬಂಡೆಗಳ ಮೇಲೆ ಆಳವಿಲ್ಲದೆ ಹರಿಯುತ್ತಿತ್ತು. ಅಷ್ಟೊಂದು ಬಗೆಯ ಕಪ್ಪೆಚಿಪ್ಪುಗಳು ಒಂದೆಡೆ ಕೂಡಿದ್ದ ತಾಣಗಳು ಜಗತ್ತಿನಲ್ಲಿ ವಿರಳ. 1924ರಲ್ಲಿ ಪೂರ್ಣಗೊಂಡ ವಿಲ್ಸನ್ ಅಣೆಕಟ್ಟು ಅದರ ಬಹುಭಾಗವನ್ನು ಮುಳುಗಿಸಿತು. ಹರಿಯುವ ನೀರು, ಸ್ವಚ್ಛ ಜಲ್ಲಿಕಲ್ಲು, ಸಂಚರಿಸುವ ಮೀನು ಈ ಮೂರನ್ನೂ ಬೇಡುವ ಎಪಿಯೋಬ್ಲಾಸ್ಮಾ ಕುಲಕ್ಕೆ ಇಂಥ ಜಲಾಶಯಗಳಿಂದ ಅತಿ ಹೆಚ್ಚು ಹಾನಿಯಾಗಿದೆ. ಲೀ ವರ್ಣಿಸಿದ ಆರ್ಸಿಫಾರ್ಮಿಸ್ (1831), ಹೇಸಿಯಾನಾ (1834), ಲೆನಿಯರ್ (1842), ಸ್ಟುವರ್ಡ್ಸೋನಿ (1852) ಇವೆಲ್ಲ ಈ ಕುಲದ ಅಳಿದುಹೋದ ಪ್ರಭೇದಗಳು.

2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯು ಇಪ್ಪತ್ತೊಂದು ಜೀವಿಗಳನ್ನು ಅಳಿದುಹೋದವೆಂದು ಘೋಷಿಸಿ ರಕ್ಷಿತ ಜೀವಿಗಳ ಪಟ್ಟಿಯಿಂದ ತೆಗೆಯಿತು. ಅವುಗಳಲ್ಲಿ ಎಂಟು ಸಿಹಿನೀರಿನ ಕಪ್ಪೆಚಿಪ್ಪುಗಳು. ಆ ಎಂಟರಲ್ಲಿ ನಾಲ್ಕಕ್ಕೆ ಮೊದಲು ಹೆಸರಿಟ್ಟವರು ಐಸಾಕ್ ಲೀ. ಅದರಲ್ಲೊಂದಾದ ಕ್ವಾಡ್ರುಲಾ ಸ್ಟೇಪ್ಸ್ 1831ರಲ್ಲಿ ವರ್ಣಿತವಾದದ್ದು. ಕುದುರೆಯ ರಿಕಾಪನ್ನು ಹೋಲುವ ಆಕಾರದಿಂದ ಈ ಹೆಸರು ಪಡೆದಿತ್ತು. ಟಾಂಬಿಗ್ಬಿ ನದಿಯನ್ನು ಹಡಗುಕಾಲುವೆಯಾಗಿ ಮಾರ್ಪಡಿಸಿದಾಗ ಅದರ ಉಳಿದ ನೆಲೆಗಳೂ ನಾಶವಾದವು.

ಈ ಪ್ರಭೇದಗಳ ವಿಷಯದಲ್ಲಿ ಈಗ ಉಳಿದಿರುವುದು ವಸ್ತುಸಂಗ್ರಹಾಲಯಗಳ ಚಿಪ್ಪುಗಳು ಮಾತ್ರ. ಅಣೆಕಟ್ಟು ಕಟ್ಟುವ ಮೊದಲು ಯಾವ ನದಿಯಲ್ಲಿ ಯಾವ ಪ್ರಭೇದವಿತ್ತೆಂದು ತಿಳಿಯಲು, ಬೇರೆ ನದಿಯಿಂದ ಕಪ್ಪೆಚಿಪ್ಪುಗಳನ್ನು ತಂದು ಮರುನೆಲೆಗೊಳಿಸುವಾಗ ಸ್ಥಳವನ್ನು ಆರಿಸಲು ಸಂಶೋಧಕರು ಲೀಯವರ ಕಾಲದ ಮಾದರಿಗಳನ್ನು ಪರಿಶೀಲಿಸುತ್ತಾರೆ. ಅವರ ಅನೇಕ ಮಾದರಿಗಳ ಚೀಟಿಗಳಲ್ಲಿ ಸ್ಥಳದ ವಿವರ ಬಹಳ ಕಡಿಮೆ. ಓಹಿಯೋ ಎಂದೋ ಟೆನೆಸ್ಸೀ ಎಂದೋ ಒಂದೇ ಪದವಿರುತ್ತದೆ. ಅದು ರಾಜ್ಯದ ಹೆಸರೋ ನದಿಯ ಹೆಸರೋ ಎಂಬುದನ್ನು ಕಳುಹಿಸಿದವರ ಊರಿನ ಆಧಾರದ ಮೇಲೆ ಊಹಿಸಬೇಕಾಗುತ್ತದೆ.